ಜಳಕಕ್ಕೆ ಹನ್ನೆರಡರ ಮುಹೂರ್ತ

ಹೆಸ್ಕಾಂನ ಮುಖ್ಯ ಕಚೇರಿ ಇರುವುದು ನವನಗರದಲ್ಲಿ. ಉಣಕಲ್ಲಿನಲ್ಲಿ ಚಿಗರಿ ಬಸ್ ಹತ್ತಿ ಟಿಕೆಟ್ಟನ್ನು ಕಿಸೆಗೆ ಹಾಕುವಷ್ಟರಲ್ಲಿ ಅದು ಬಂದುಬಿಡುತ್ತದೆ. 2002ರಿಂದ ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಸೇರಿ ಏಳು ಜಿಲ್ಲೆಗೆ ಕರೆಂಟು ಹಂಚುತ್ತಿರುವ ಕಂಪನಿ ಇಷ್ಟು ಸಮೀಪ ಇದ್ದಮೇಲೆ ಉಣಕಲ್ಲಿನವರ ಮನೆಯಲ್ಲಿ ದೀಪ ಆರುವುದೇ ಇಲ್ಲವೆಂದು ನಮ್ಮ ಬೀಗರೆಲ್ಲ ನಂಬಿದ್ದಾರೆ. ಕರೆಂಟು ಹೋದರೆ ಕೆಲವರು ಬಾಗಲಕೋಟೆಯಿಂದ ನನಗೇ ಫೋನ್ ಹಚ್ಚುತ್ತಾರೆ. ನಾನು ನಿವೃತ್ತ ಗಣಿತದ ಮಾಸ್ತರ. ಆದರೂ ಗತ್ತು ಬಿಡದೆ, "ನೋಡತೀನಿ ತಡೀರಿ" ಅನ್ನುತ್ತೇನೆ. ಅರ್ಧ ತಾಸಿಗೆ ಅಲ್ಲಿ ಕರೆಂಟು ತಾನಾಗಿಯೇ ಬರುತ್ತದೆ. ಹೆಸರು ನನಗೆ ಬರುತ್ತದೆ.

ಈ ಪುಕ್ಕಟೆ ಸಾಹೇಬಗಿರಿ ನೆತ್ತಿಗೇರಿಯೋ ಏನೋ, ಗ್ರಿಡ್ಡಿನ ಸಂಕಟ ನನ್ನ ಸ್ವಂತದ್ದು ಅನಿಸತೊಡಗಿತು. ಕರೆಂಟನ್ನು ಜೋಳದ ಹಾಗೆ ಹಗೇವಿನಲ್ಲಿ ತುಂಬಿಡಲು ಬರುವುದಿಲ್ಲ. ಬ್ಯಾಟರಿ, ಪಂಪ್ಡ್ ಸ್ಟೋರೇಜ್ ಅಂತ ಏನೇ ಮಾಡಿದರೂ ಹೆಚ್ಚಿನಂಶ ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕು. ನಡುಮಧ್ಯಾಹ್ನ ಪಾವಗಡದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಧಾರಾಳವಾಗಿ ಸುರಿಯುತ್ತಿರುತ್ತದೆ, ಆಗ ನಾವು ಉಂಡು ಮಲಗಿರುತ್ತೇವೆ. ಸೂರ್ಯ ಮುಳುಗಿ ಪಾವಗಡ ಬಾಗಿಲು ಹಾಕಿದೊಡನೆ ಊರಿಗೆ ಊರೇ ಮನೆಗೆ ಬಂದು ಲೈಟು, ಫ್ಯಾನು, ಮಿಕ್ಸರು, ಟಿವಿ ಎಲ್ಲವನ್ನೂ ಒಮ್ಮೆಲೇ ಹಚ್ಚುತ್ತದೆ. ಆ ಮೂರ್ನಾಲ್ಕು ತಾಸಿನ ಸಲುವಾಗಿ ಶರಾವತಿಯ ನೀರು ಓಡಬೇಕು, ರಾಯಚೂರಿನ ಕಲ್ಲಿದ್ದಲು ಉರಿಯಬೇಕು, ಅದೂ ಸಾಲದಿದ್ದರೆ ಪೇಟೆಯಲ್ಲಿ ಕೇಳಿದ ರೇಟು ಕೊಟ್ಟು ತರಬೇಕು.

ಇಂಗ್ಲೆಂಡಿನವರೂ ಕಡಿಮೆಯೇನಲ್ಲ. 1990ರ ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್ಲಿನಲ್ಲಿ ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತದ್ದೇ ತಡ, ದೇಶಕ್ಕೆ ದೇಶವೇ ಎದ್ದುಹೋಗಿ ಚಹಾಕ್ಕೆ ಕೆಟಲ್ ಹಚ್ಚಿತಂತೆ. ಒಮ್ಮೆಲೇ 2,800 ಮೆಗಾವ್ಯಾಟ್ ಏರಿತು. ನಮ್ಮ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರ ತಿರುಗಿದರೆ 1,035. ದುಃಖಕ್ಕೆ ಇಷ್ಟಾದರೆ, ಗೆದ್ದಿದ್ದರೆ ಏನು ಗತಿ!

ಆದ್ದರಿಂದ ಒಂದು ರವಿವಾರ ಮನೆಯಲ್ಲಿ ಸಭೆ ಕರೆದು ಘೋಷಿಸಿದೆ: ಗೀಝರು, ಪಂಪು, ವಾಷಿಂಗ್ ಮಷಿನ್ನು, ಇಸ್ತ್ರಿ ಎಲ್ಲವೂ ಇನ್ನು ಹಗಲು ಹನ್ನೆರಡರ ಮೇಲೆ. ಎರಡು ಸಾವಿರ ವ್ಯಾಟಿನ ಗೀಝರು ಅರ್ಧ ತಾಸಿಗೆ ಒಂದು ಯೂನಿಟ್ ನುಂಗುತ್ತದೆಂದು ಲೆಕ್ಕವನ್ನೂ ಒಪ್ಪಿಸಿದೆ.

"ಜಳಕಾ ಮಾಡಲಾರದ ದೇವರ ಪೂಜಿ ಯಾರ ಮಾಡಾವ್ರು?" ಹೆಂಡತಿ ಕೇಳಿದಳು.

"ಪೂಜಿನೂ ಹನ್ನೆರಡಕ್ಕ..."

"ಅಂದ್ರ ನಾಷ್ಟಾ?"

ಪೂಜೆಯಾಗದೆ ನಾಷ್ಟಾ ಇಲ್ಲ ಎಂಬ ನಿಯಮ ನಮ್ಮ ಮನೆಯಲ್ಲಿ ನನಗಿಂತ ಹಳೆಯದು. ಗೀಝರನ್ನು ಅಲ್ಲಿಯೇ ದೇವರ ಖಾತೆಗೆ ಬಿಟ್ಟುಕೊಟ್ಟೆ.

ಪಂಪಿನ ಕಥೆಯೇ ಬೇರೆ. ನಮ್ಮ ಓಣಿಯಲ್ಲಿ ಪಂಪಿನ ಹೊತ್ತು ನಿಗದಿ ಮಾಡುವುದು ಸೂರ್ಯನಲ್ಲ, ನಳ. "ನಳಾ ಬಂತು!" ಎಂಬ ಕೂಗು ರಾತ್ರಿ ಎಂಟಕ್ಕೆದ್ದರೂ ಪ್ರತಿ ಮನೆಯ ಪಂಪು ಗುಂಯ್‌ಗುಡುತ್ತದೆ. ಆಗ ಗ್ರಿಡ್ಡಿನ ಹಿತ ಅಂದರೆ ಒದೆ ಬೀಳುತ್ತದೆ.

ಹಾಗೆ ನೋಡಿದರೆ ಹೊತ್ತು ಸರಿಸುವ ವಿದ್ಯೆಯಲ್ಲಿ ಲೋಡ್ ಶೆಡ್ಡಿಂಗ್ ಕಾಲದ ನಮ್ಮ ತಾಯಂದಿರನ್ನು ಮೀರಿಸುವವರಿಲ್ಲ. ಅವರ ಕೇಂದ್ರ ಕಚೇರಿ ಹಿಟ್ಟಿನ ಗಿರಣಿ. ಕರೆಂಟು ಇಲ್ಲದಾಗಲೇ ಜೋಳದ ಡಬ್ಬಿಗಳನ್ನು ಪಾಳಿಗೆ ಹಚ್ಚಿ ಮನೆಗೆ ಹೋಗುವುದು; ಮನುಷ್ಯರು ಬೇರೆ ಕೆಲಸಕ್ಕೆ, ಡಬ್ಬಿಗಳು ಕಾಯುವ ಕೆಲಸಕ್ಕೆ. ಗಿರಣಿಯ ಪಟ್ಟಾ ತಿರುಗಿದ ಸಪ್ಪಳ ಕೇಳಿದರೆ ಸಾಕು, ಒಲೆಯ ಮೇಲಿನ ಹೆಂಚು ಇಳಿಸಿಯಾದರೂ ಓಡುವರು. ಯಾರ ಡಬ್ಬಿ ಯಾರ ಹಿಂದೆ ಎಂಬುದು ಗಿರಣಿಯಾತನಿಗೆ ಬಾಯಿಪಾಠ. ನಡುವೆ ತೂರಿಸಿದ ಡಬ್ಬಿಯ ಮೇಲೆ ನಡೆಯುತ್ತಿದ್ದ ಜಗಳಕ್ಕಂತೂ ಕರೆಂಟಿನ ಹಂಗೇ ಇರಲಿಲ್ಲ. ಈಗ ಇಂಥದ್ದಕ್ಕೆ ಡಿಮ್ಯಾಂಡ್ ರೆಸ್ಪಾನ್ಸ್ ಎಂದು ಹೆಸರಿಟ್ಟು ಸೆಮಿನಾರು ಮಾಡುತ್ತಾರೆ, ಒಂದು ಡಬ್ಬಿಯೂ ಕಾಣುವುದಿಲ್ಲ.

ಇನ್ನು ರೈತರು. ಪಂಪ್‌ಸೆಟ್ಟಿಗೆ ತ್ರೀಫೇಸ್ ಸರದಿಯ ಮೇಲೆ ಬರುತ್ತದೆ. ನಡುರಾತ್ರಿಯ ಪಾಳಿ ಬಂದರೆ ಬ್ಯಾಟರಿ ಹಿಡಿದು ಹಾವು ಚೇಳಿನ ನಡುವೆ ನೀರು ಹಾಯಿಸಬೇಕು. ಊರಿನವರ ಸಂಜೆ ಬೆಳಗಲೆಂದು ಎಷ್ಟೋ ವರ್ಷ ಹೊತ್ತು ಸರಿಸಿದವರು ಅವರು. ಅವರಿಗೆ ಯಾರೂ ಶಾಲು ಹೊದಿಸಿದ್ದನ್ನು ನಾನು ಕಂಡಿಲ್ಲ.

ಸಭೆಯಲ್ಲಿ ಕೊನೆಯ ಪ್ರಶ್ನೆಯೂ ಹೆಂಡತಿಯದೇ. "ಇಷ್ಟೆಲ್ಲಾ ಮಾಡಿದ್ರ ಬಿಲ್ ಎಷ್ಟ ಕಡಿಮಿ ಆಗ್ತದ?"

ಕಠಿಣ ಪ್ರಶ್ನೆ. 2023ರ ಆಗಸ್ಟಿನಿಂದ ಗೃಹಜ್ಯೋತಿಯಲ್ಲಿ ನಮ್ಮ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಎಷ್ಟು ಕಳೆಯುವುದು? ದೊಡ್ಡ ಕಾರ್ಖಾನೆಗಳಿಗೆ ಸಂಜೆ ಒಂದು ದರ, ರಾತ್ರಿ ಒಂದು ದರ ಎಂಬ ಲೆಕ್ಕ ಹಳೆಯದು. 2023ರಲ್ಲೇ ಕೇಂದ್ರ ಸರ್ಕಾರ ನಿಯಮ ತಿದ್ದಿ, ಬಿಸಿಲಿನ ಹೊತ್ತಿನ ಕರೆಂಟು ಕನಿಷ್ಠ ಶೇಕಡಾ 20ರಷ್ಟು ಅಗ್ಗ ಇರಬೇಕು, ಬೇಡಿಕೆಯ ಹೊತ್ತಿನದು ತುಟ್ಟಿ ಇರಬೇಕು ಎಂದಿತು. ಆದರೆ ನಮ್ಮ ಗೋಡೆಯ ಮೇಲಿನ ಮೀಟರಿಗೆ ಗಂಟೆ ನೋಡಲು ಬರುವುದಿಲ್ಲ. ತಿಂಗಳ ಒಟ್ಟು ಅಷ್ಟೇ ಅದಕ್ಕೆ ಗೊತ್ತು. "ದೇಶಕ್ಕ ಉಳೀತದ" ಅಂದೆ. ಅವಳು ನನ್ನ ಮೋರೆಯನ್ನು ದೇಶ ನೋಡಿದಂತೆ ನೋಡಿದಳು.

ಕೊನೆಗೆ ಒಪ್ಪಂದವಾಯಿತು. ವಾಷಿಂಗ್ ಮಷಿನ್ನು, ಇಸ್ತ್ರಿ, ದೋಸೆ ಹಿಟ್ಟಿನ ಗ್ರೈಂಡರು ಹನ್ನೆರಡಕ್ಕೆ. ಹಚ್ಚುವುದು, ತೆಗೆಯುವುದು, ಬಟ್ಟೆ ಒಣಹಾಕುವುದು ನನ್ನ ಪಾಲಿಗೆ. ಸಂಜೆಯ ಧಾರಾವಾಹಿ ಚರ್ಚೆಗೇ ಬರಕೂಡದು. ಉಳಿದದ್ದು ಮಗನ ಫೋನು, ಲ್ಯಾಪ್‌ಟಾಪು, ಕಿವಿಯ ಯಂತ್ರ. ಇವೆಲ್ಲ ಸಂಜೆ ಏಳಕ್ಕೆ ಸಾಲಾಗಿ ಗೋಡೆಗೆ ಅಂಟಿಕೊಳ್ಳುತ್ತವೆ. ಗ್ರಿಡ್ಡಿಗೆ ಅವುಗಳ ಭಾರ ಅಷ್ಟಕ್ಕಷ್ಟೇ, ಆದರೂ ತತ್ವ ತತ್ವವೇ ಎಂದು ಅವನಿಗೂ ಹಗಲೇ ಚಾರ್ಜ್ ಮಾಡಲು ಹೇಳಿದೆ. ಸಭೆಯುದ್ದಕ್ಕೂ ತಲೆ ಎತ್ತದಿದ್ದವನು ಮೊದಲ ಸಲ ಎತ್ತಿದ.

"ನಾ ತಯಾರ ಅದೀನಪ್ಪಾ. ಆದ್ರ ಹನ್ನೆರಡಕ್ಕ ಮನ್ಯಾಗ ಇರಬೇಕಂದ್ರ ಕಾಲೇಜ್ ಬಿಡಬೇಕಾಗ್ತದ. ಪ್ರಿನ್ಸಿಪಾಲ್‌ಗೆ ನೀ ಹೇಳ್ತಿಯೋ, ನಾ ಹೇಳ್ಲೋ?"