ಹೆಬ್ಬಾತುಗಳ ಗ್ರೂಪ್ ಫೋಟೊ

ಒಂಟಿ ಹಕ್ಕಿಯ ಫೋಟೊ ತೆಗೆಯುವುದು ಅಂಥ ದೊಡ್ಡ ಕೆಲಸವಲ್ಲ. ಮಿಂಚುಳ್ಳಿ ತಂತಿಯ ಮೇಲೆ ಕೂತಿರುತ್ತದೆ, ನೀವು ಉಸಿರು ಬಿಗಿಹಿಡಿದು ಗುಂಡಿ ಒತ್ತುತ್ತೀರಿ. ಬಂದರೆ ಬಂತು, ಹೋದರೆ ಹೋಯಿತು. ಹಿಂಡಿನ ಫೋಟೊ ಮಾತ್ರ ಮದುವೆಮನೆಯ ಗ್ರೂಪ್ ಫೋಟೊ ಇದ್ದಹಾಗೆ. ಅರ್ಧ ಮಂದಿ ಬೆನ್ನು ಹಾಕಿರುತ್ತಾರೆ, ಕಾಲು ಭಾಗ ತೂಕಡಿಸುತ್ತಿರುತ್ತದೆ, ಮಿಕ್ಕವರು ಊಟದ ಕಡೆ ಹೊರಟಿರುತ್ತಾರೆ. ಮದುವೆಮನೆಯಲ್ಲಾದರೆ "ಅಜ್ಜಾರೆ, ಸ್ವಲ್ಪ ಈ ಕಡೆ ನೋಡ್ರಿ" ಎಂದು ಗದರುವ ಅಧಿಕಾರವಾದರೂ ಫೋಟೊಗ್ರಾಫರನಿಗೆ ಉಂಟು. ಹೆಬ್ಬಾತುಗಳಿಗೆ ಹಾಗೆ ಹೇಳುವವರು ಯಾರು?

ಹೆಬ್ಬಾತಿನ ಫೋಟೊ ತೆಗೆಯುವ ಈ ಚಟ ಹತ್ತಿಸಿಕೊಳ್ಳಲು ನಾನಿರುವ ಹೈದರಾಬಾದಿನ ನಾಚಾರಂ ಹೇಳಿ ಮಾಡಿಸಿದ ಜಾಗವೇನಲ್ಲ. ಕೈಗಾರಿಕಾ ಪ್ರದೇಶದ ಲಾರಿಗಳು ಹಗಲೂ ರಾತ್ರಿ ಓಡಾಡುವ ಬಡಾವಣೆ ಇದು. ನಮಗೂ ಒಂದು ಪೆದ್ದ ಚೆರುವು, ಅಂದರೆ ದೊಡ್ಡ ಕೆರೆ, ಇದೆ. ಅಂತರಗಂಗೆ ಬಿಟ್ಟುಕೊಟ್ಟಷ್ಟು ನೀರಿನಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಸಂಸಾರ ಮಾಡಿಕೊಂಡಿವೆ. ನಾನು ಹೆಬ್ಬಾತು ಹುಡುಕಿಕೊಂಡು ರಜೆ ಹಾಕುವುದು ಪಕ್ಕದ ಫ್ಲಾಟಿನ ರಾವುಗಾರಿಗೆ ಇವತ್ತಿಗೂ ಅರ್ಥವಾಗಿಲ್ಲ. "ಬಾತುಲು ಮನ ಚೆರುವುಲೋನೇ ಉನ್ನಾಯಿ ಕದಂಡೀ" (ಬಾತುಗಳು ನಮ್ಮ ಕೆರೆಯಲ್ಲೇ ಇವೆಯಲ್ಲ) ಎನ್ನುತ್ತಾರೆ. ಅವರ ಮಟ್ಟಿಗೆ ನೀರಿನ ಮೇಲೆ ತೇಲುವುದೆಲ್ಲ ಬಾತು, ಅದಕ್ಕೆ ಪಾಸ್‌ಪೋರ್ಟು ಯಾವ ದೇಶದ್ದಾದರೇನು!

ಹೈದರಾಬಾದಿನ ಆಸುಪಾಸಿನಲ್ಲೇ ಬೇಕೆಂದರೆ ಸಂಗಾರೆಡ್ಡಿ ಕಡೆಯ ಮಂಜೀರಾ ಅಭಯಾರಣ್ಯ ಇದೆ. ಮಂಜೀರಾ ಎಂದರೆ ಬೀದರಿನವರು ಮಾಂಜ್ರಾ ಎನ್ನುವ ಹೊಳೆಯೇ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೂ ಬರುತ್ತವೆ. ಆದರೆ ಆ ಅಭಯಾರಣ್ಯದ ಹೆಸರು ಹಕ್ಕಿಗಳಿಗಿಂತ ಹೆಚ್ಚಾಗಿ ಮೊಸಳೆಗಳಿಗೆ. ನೀರಹಕ್ಕಿಯ ಫೋಟೊ ಚೆನ್ನಾಗಿ ಬರಬೇಕಾದರೆ ದಡದಲ್ಲಿ ಬೋರಲು ಮಲಗಿ, ಕ್ಯಾಮೆರಾವನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಸಬೇಕು ಎಂದು ಬಲ್ಲವರೆಲ್ಲ ಬೋಧಿಸುತ್ತಾರೆ. ದಡದಲ್ಲಿ ಹಾಗೆಯೇ ಬೋರಲು ಮಲಗುವ ಇನ್ನೊಂದು ಪ್ರಾಣಿಯ ಸುದ್ದಿಯನ್ನು ಅವರು ಎತ್ತುವುದಿಲ್ಲ.

ಹಾಗಾಗಿ ಸಂಕ್ರಾಂತಿಗೆ ನನ್ನ ಸವಾರಿ ಗದಗಿಗೆ. ಅದು ನನ್ನಾಕೆಯ ತವರಾದ್ದರಿಂದ ರಜೆಗೂ ಖರ್ಚಿಗೂ ಮಂಜೂರಾತಿ ಸಲೀಸು. ಹೈದರಾಬಾದಿನ ಆಕಾಶವೆಲ್ಲ ಗಾಳಿಪಟವಾಗಿ, ಮಾಂಜಾ ದಾರಕ್ಕೆ ಹೆದರಿ ಪಾರಿವಾಳವೂ ಹೊರಬೀಳದ ಹೊತ್ತು ಅದು. ನನ್ನ ಸಾಮಾನಿನಲ್ಲಿ, ಲೆನ್ಸ್ ಅಲುಗದಂತೆ ಆನಿಸಲು ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಒಂದು ತುದಿ ಹೊಲಿದು, ಒಳಗೆ ಜೋಳ ತುಂಬಿ, ಇನ್ನೊಂದು ತುದಿಗೆ ಪಂಚೆಯ ಅಂಚು ಬಿಗಿದ ಚೀಲವೊಂದಿದೆ. ಅದನ್ನು ನೋಡಿದಾಗಲೆಲ್ಲ ನನ್ನಾಕೆಯದು ಒಂದೇ ಮಾತು: "ಎಲ್ಲಾರೂ ಗದಗಿನಿಂದ ಜ್ವಾಳಾ ತರ್ತಾರ, ನೀವು ಗದಗಿಗೇ ಒಯ್ಯಾಕತ್ತೀರಿ."

ಗದಗಿಗೆ ಹೋದಮೇಲೆ ನನ್ನ ಗುರಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಅದು ಮಳೆನೀರು ಹಿಡಿದು ಹೊಲಕ್ಕೆ ಹರಿಸಲು ಕಟ್ಟಿದ್ದು. ಸುಮಾರು 50 ಹೆಕ್ಟೇರ್ ಇದ್ದೀತು. 2024ರಲ್ಲಿ ಅದಕ್ಕೆ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಯ ಮರ್ಯಾದೆ ಸಿಕ್ಕಿತು. ಹೆಬ್ಬಾತುಗಳು ಯಾವ ಪಟ್ಟಿಯನ್ನೂ ಕಾಯದೆ ಮೊದಲಿಂದಲೂ ಸಾವಿರಗಟ್ಟಲೆ ಬರುತ್ತಲೇ ಇವೆ. ಟಿಬೆಟ್, ಮಂಗೋಲಿಯಾ ಕಡೆಯ ಈ ಹಕ್ಕಿಗಳು ಹಿಮಾಲಯ ದಾಟುವಾಗ 7,290 ಮೀಟರ್ ಎತ್ತರದಲ್ಲಿ ಹಾರಿದ್ದನ್ನು ಬೆನ್ನಿಗೆ ಕಟ್ಟಿದ ಯಂತ್ರವೇ ದಾಖಲಿಸಿದೆ. ರಣಹದ್ದಿನ ಹಾಗೆ ರೆಕ್ಕೆ ಚಾಚಿ ಗಾಳಿಯ ಮೇಲೆ ತೇಲುವ ಸುಖ ಇವಕ್ಕಿಲ್ಲ, ದಾರಿಯುದ್ದಕ್ಕೂ ಬಡಿಯುತ್ತಲೇ ಇರಬೇಕು. ತಣ್ಣನೆಯ ಗಾಳಿ ದಟ್ಟವಾಗಿದ್ದು ರೆಕ್ಕೆಗೆ ಆಸರೆಯಾಗುತ್ತದೆಂದು ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ ಬೆಟ್ಟ ಹತ್ತುತ್ತವೆ. ಅಷ್ಟೆಲ್ಲ ಪಾಡುಪಟ್ಟು ಮಾಗಡಿಗೆ ಬಂದು ಮಾಡುವುದೇನು? ರಾತ್ರಿ ಸುತ್ತಲ ಹೊಲಗಳಲ್ಲಿ ಶೇಂಗಾ, ಕಡಲೆ ಮೇಯುವುದು, ಹಗಲು ಕೆರೆಯಲ್ಲಿ ನಿದ್ದೆ ಹೊಡೆಯುವುದು. ಅಳಿಯತನಕ್ಕೆ ಬಂದ ನನ್ನ ದಿನಚರಿಯೂ ಹೆಚ್ಚುಕಮ್ಮಿ ಅದೇ ಆದ್ದರಿಂದ ಆಕ್ಷೇಪಿಸುವ ನೈತಿಕ ಹಕ್ಕು ನನಗಿಲ್ಲ.

ಫೋಟೊಗೆ ಮಾತ್ರ ಇದು ಪೀಕಲಾಟ. ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ಒಂಟಿಕಾಲಲ್ಲಿ ನಿಂತ ನೂರಾರು ಹೆಬ್ಬಾತುಗಳ ಚಿತ್ರ ತೋರಿಸಿದರೆ, ಕಲ್ಲುಬಂಡೆಗಳ ಫೋಟೊ ತೆಗೆಯಲು ಅಷ್ಟು ದೂರ ಯಾಕೆ ಹೋದಿರಿ ಎಂದು ಕೇಳುತ್ತಾರೆ. ಹಿಂಡಿನಲ್ಲಿ ಒಂದೆರಡು ಮಾತ್ರ ಕತ್ತು ನೀಟಾಗಿ ಎತ್ತಿ ಕಾವಲು ನಿಂತಿರುತ್ತವೆ. ಬಿಳಿ ತಲೆ, ಹಿಂದಲೆಗೆ ಅಡ್ಡವಾಗಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಫೋಕಸ್ಸು ಕೂರುವುದು ಅವುಗಳ ಮೇಲೆಯೇ. ಎಕ್ಸ್‌ಪೋಷರ್ ಒಂದು ಚೂರು ಹೆಚ್ಚಿದರೆ ಬಿಸಿಲಿಗೆ ಬಿಳಿ ತಲೆ ಕರಗಿಹೋಗಿ ಪಟ್ಟೆಗಳಷ್ಟೇ ಉಳಿಯುತ್ತವೆ. ಕಮ್ಮಿ ಮಾಡಿದರೆ ಬೂದು ಮೈ ಕೆಸರಿನಲ್ಲಿ ಸೇರಿಹೋಗುತ್ತದೆ. ಹೊತ್ತೇರಿದರಂತೂ ನೆಲದ ಕಾವಿಗೆ ಗಾಳಿ ನಡುಗಿ, ಸಾಲ ಮಾಡಿ ತಂದ 600 ಎಂಎಂ ಲೆನ್ಸಿನಲ್ಲೂ ಹಿಂಡಿಗೆ ಹಿಂಡೇ ಅಲುಗಾಡುತ್ತದೆ. ಹೊಲಗಳಿಂದ ಸಾಲುಸಾಲಾಗಿ ಕೂಗುತ್ತಾ ವಾಪಸಾಗುವ ಬೆಳಗಿನ ಹೊತ್ತೊಂದೇ ನಮ್ಮಂಥವರ ಪಾಲಿಗೆ. ಆಗ ನಾನು ಸಾಮಾನ್ಯವಾಗಿ ಅತ್ತೆಯ ಮನೆಯಲ್ಲಿ, ಮಂಡಕ್ಕಿ ಒಗ್ಗರಣೆ ತಿನ್ನದೆ ಹೊರಡಬಾರದೆಂಬ ಕಟ್ಟಪ್ಪಣೆಗೆ ತಲೆಬಾಗಿ ಕೂತಿರುತ್ತೇನೆ.

ಹೋದ ಸಲ ಒಗ್ಗರಣೆ ಮುಗಿಸಿ ಕೆರೆಯ ಏರಿಗೆ ಬಂದಾಗ ಪಡೆಯೆಲ್ಲ ನೀರಿಗಿಳಿದು ಮಲಗಿತ್ತು. ಏರಿಯ ಮೇಲೆ ಹೊಲದ ಯಜಮಾನರೊಬ್ಬರು, ಅವರ ಮನೆಯವರು, ಮಗ, ಸೊಸೆ, ಮೊಮ್ಮಕ್ಕಳು.

"ನಮ್ಮ ಕಡ್ಲಿ ತಿಂದು ನಿಮಗ ಫೋಟೊ ಕೊಡ್ತಾವ ನೋಡ್ರಿ. ನಮ್ದೂ ಒಂದು ಹೊಡೀರಿ ಸಾಹೇಬ್ರ" ಎಂದರು ಯಜಮಾನರು. ನ್ಯಾಯವಾದ ಮಾತೇ. ಆದರೆ ನನ್ನ ಲೆನ್ಸು 150 ಎಂಎಂಗಿಂತ ಕೆಳಗೆ ಇಳಿಯುವುದಿಲ್ಲ. ನಿಂತಲ್ಲಿಂದ ನೋಡಿದರೆ ಯಜಮಾನರ ಮೀಸೆಯ ಒಂದು ಪಕ್ಕ ಮಾತ್ರ ಕಾಣುತ್ತಿತ್ತು. ಹಿಂದಕ್ಕೆ ಹೋದೆ, ಪಟಗ ಬಂತು. ಇನ್ನೂ ಹಿಂದಕ್ಕೆ ಹೋದೆ, ಅಮ್ಮನವರು ಬಂದರು. ಜಾಲಿಗಿಡದವರೆಗೆ ನಡೆದ ಮೇಲೆ ಸೊಸೆ ಸೇರಿದಳು. ಮೊಮ್ಮಕ್ಕಳಿಗೆ ಇನ್ನೂ ಜಾಗ ಸಾಲದು. ಅಲ್ಲಿಂದಲೇ ಕೂಗಿ, ಕೈಸನ್ನೆ ಮಾಡಿ, ಎಲ್ಲರನ್ನೂ ಒತ್ತೊತ್ತಾಗಿ ನಿಲ್ಲಿಸಿದೆ. ಬದುಕಿನಲ್ಲಿ ಮೊದಲ ಬಾರಿಗೆ ಒಂದು ಹಿಂಡು ನನ್ನ ಮಾತು ಕೇಳಿತ್ತು.

ಬೆರಳು ಒತ್ತುವುದಕ್ಕೂ ಎತ್ತಲಿಂದಲೋ ಗಿಡುಗವೊಂದು ಕೆರೆಯ ಮೇಲೆ ಹಾದುಹೋಗುವುದಕ್ಕೂ ಸರಿಹೋಯಿತು. ಹೆಬ್ಬಾತುಗಳೆಲ್ಲ ಭರ್ರನೆ ಎದ್ದು, ನಮ್ಮ ನೆತ್ತಿಯ ಮೇಲೆ ಗುಲ್ಲೋ ಗುಲ್ಲು. ಫೋಟೊದಲ್ಲಿ ಮೂರು ತಲೆಮಾರು ಬಾಯಿ ತೆರೆದು ಆಕಾಶ ನೋಡುತ್ತಿದೆ. ಹಕ್ಕಿ ಒಂದೂ ಇಲ್ಲ.

ನಾನು ಲೆನ್ಸು ತಿರುಗಿಸುವಷ್ಟರಲ್ಲಿ ಹಿಂಡು ಲಕ್ಷ್ಮೇಶ್ವರದ ದಿಕ್ಕಿಗೆ ಸರಿದಿತ್ತು. ಯಜಮಾನರು ಪಟಗ ಸರಿಮಾಡಿಕೊಳ್ಳುತ್ತಾ ಹತ್ತಿರ ಬಂದು ಕೇಳಿದರು: "ಅವು ಹೋಗ್ಲಿ ಬಿಡ್ರಿ, ನಾಳೆ ಮತ್ತ ಬರ್ತಾವ. ನಮ್ದು ಚಲೋ ಬಂತಿಲ್ಲೋ?"