ಬಹುಡೊಮೇನ್ ಅಂಚೆಮೀಮಾಂಸೆ

ಒಂದೇ ಸರ್ವರಿನಲ್ಲಿ ಹಲವು ಡೊಮೇನುಗಳ ಇ-ಮೇಲ್ ನಡೆಸುವುದು ಕಂಪ್ಯೂಟರಿಗೆ ಸೇರಿದ ವಿಷಯವೆಂದು ಪಾಮರರು ತಿಳಿದಿದ್ದಾರೆ. ಅದು ಅಪ್ಪಟ ವೇದಾಂತ. ಇಡೀ ಶಾಸ್ತ್ರ ನಿಂತಿರುವುದು ಒಂದು ಸಂಶಯದ ಮೇಲೆ: ಕಾಫಿಪುಡಿ ಅಂಗಡಿಯ ‘ಇನ್ಫೋ’ ಮತ್ತು ಅದೇ ಯಜಮಾನರ ಕಲ್ಯಾಣಮಂಟಪದ ‘ಇನ್ಫೋ’ ಒಂದೆಯೋ, ಎರಡೋ?

ಪ್ರಾಚೀನರಿಗೆ ಈ ಸಂಶಯವಿರಲಿಲ್ಲ. ಯಂತ್ರಕ್ಕೊಂದು ಹೆಸರು, ಟಪಾಲು ಅಲ್ಲಿಗೇ. 1986ರ ಆರ್‌ಎಫ್‌ಸಿ 974 ಬಂದು, ಡೊಮೇನಿನ ಟಪಾಲು ಯಾವ ಯಂತ್ರದಲ್ಲಿ ಇಳಿಯಬೇಕೆಂಬುದನ್ನು ಎಂಎಕ್ಸ್ ದಾಖಲೆ ಹೇಳುತ್ತದೆ ಎಂದು ವಿಧಿಸಿತು. ಆತ್ಮ ಬೇರೆ, ದೇಹ ಬೇರೆ ಎಂದಾಯಿತು. ಆಗ ಪ್ರಚಲಿತವಾಗಿದ್ದ ಎರಿಕ್ ಆಲ್ಮನ್ನರ ಸೆಂಡ್‌ಮೇಲ್‌ನ ಸಂರಚನಾ ಕಡತ ಬೀಜಾಕ್ಷರಗಳಲ್ಲಿತ್ತು; ಅರ್ಥವಾಗದ್ದರಿಂದ ಯಾರೂ ವಾದಿಸಲಿಲ್ಲ. 1998ರಲ್ಲಿ ಐಬಿಎಂ ಸಂಶೋಧನಾಲಯದಲ್ಲಿದ್ದ ವೀತ್ಸೆ ವೆನೆಮಾ ಪೋಸ್ಟ್‌ಫಿಕ್ಸ್ ಹೊರತಂದರು. ಅದರ ಮೂಲಗ್ರಂಥ ‘ಮೈನ್.ಸಿಎಫ್’ ಓದಿದರೆ ತಿಳಿಯುವಂತಿತ್ತು. ಮತಭೇದ ಶುರುವಾದದ್ದೇ ಅಲ್ಲಿಂದ.

ಪೋಸ್ಟ್‌ಫಿಕ್ಸ್ ಹೇಳುವ ದಾರಿಗಳು ಮುಖ್ಯವಾಗಿ ಮೂರು. ಶೃಂಗೇರಿ, ಮೇಲುಕೋಟೆ, ಉಡುಪಿಗಳನ್ನು ಒಂದೇ ರಾಜ್ಯದಲ್ಲಿ ಇಟ್ಟುಕೊಂಡ ನಮಗೆ ಇದೇನೂ ಹೊಸತಲ್ಲ.

ಅದ್ವೈತಿಗಳು ‘ಮೈಡೆಸ್ಟಿನೇಷನ್’ ಎಂಬ ಒಂದೇ ಸಾಲಿನಲ್ಲಿ ಎಲ್ಲ ಡೊಮೇನುಗಳನ್ನೂ ಬರೆದು ಕೈತೊಳೆದುಕೊಳ್ಳುತ್ತಾರೆ. ಆಗ @ ಚಿಹ್ನೆಯ ಬಲಗಡೆಯದೆಲ್ಲ ಮಿಥ್ಯೆ, ಎಡಗಡೆಯದಷ್ಟೇ ಸತ್ಯ. ‘ಮೇ ತಿಂಗಳಲ್ಲಿ ಹಾಲ್ ಖಾಲಿ ಇದೆಯೇ? ಒಂದು ಪಂಕ್ತಿಗೆ ಎಷ್ಟು ಎಲೆ?’ ಎಂದು ಮದುಮಗಳ ತಂದೆ ಬರೆದದ್ದು ನೇರವಾಗಿ ಕಾಫಿಪುಡಿಯ ಗುಮಾಸ್ತನ ಮುಂದೆ ತೆರೆದುಕೊಳ್ಳುತ್ತದೆ. ಅವನು ಸ್ವಧರ್ಮ ಬಿಡದೆ, ‘ಚಿಕೋರಿ ಎಷ್ಟು ಪರ್ಸೆಂಟ್ ಹಾಕಿಸಲಿ ಸಾರ್?’ ಎಂದು ಉತ್ತರಿಸುತ್ತಾನೆ. ಇದು ವ್ಯಾವಹಾರಿಕ ಸತ್ತೆಯ ತೊಡಕು, ಪಾರಮಾರ್ಥಿಕವಾಗಿ ಟಪಾಲು ತಲುಪಿದೆ ಎಂಬುದು ಈ ಪಕ್ಷದ ಸಮಾಧಾನ.

ವಿಶಿಷ್ಟಾದ್ವೈತಿಗಳ ಮಾರ್ಗ ‘ವರ್ಚುವಲ್ ಅಲಿಯಾಸ್’. ವಿಳಾಸಗಳು ಬೇರೆಬೇರೆ ಎಂಬುದು ನಿಜ, ಆದರೆ ಎಲ್ಲವೂ ಯಾವನೋ ಒಬ್ಬ ಖಾತೆದಾರನನ್ನು ಆಶ್ರಯಿಸಿಯೇ ಇವೆ. ಎಲ್ಲ ಡೊಮೇನುಗಳದ್ದೂ ತಮ್ಮ ಒಂದೇ ಫೋನಿಗೆ ಬರಲೆಂದು ಬಯಸುವ ಯಜಮಾನರಿಗೆ ಇದು ತುಂಬ ಪ್ರಿಯ. ಇದರಲ್ಲಿ ‘ಕ್ಯಾಚ್‌ಆಲ್’ ಎಂಬ ಶರಣಾಗತಿ ತತ್ತ್ವವೂ ಉಂಟು. ಕೋಷ್ಟಕದಲ್ಲಿ ಎಡಗಡೆ ಹೆಸರಿಲ್ಲದೆ ಬರೀ @ ಮತ್ತು ಡೊಮೇನ್ ಬರೆದರೆ, ಯಾವ ಹೆಸರು ಹಿಡಿದು ಬಂದವರನ್ನೂ ಸರ್ವರು ಕೈಬಿಡುವುದಿಲ್ಲ. ಮೊದಲು ಶರಣಾಗುವವರು ಸ್ಪ್ಯಾಮ್ ಕಳಿಸುವವರು.

ದ್ವೈತಿಗಳು ಬಿಗಿ. ‘ವರ್ಚುವಲ್ ಮೇಲ್‌ಬಾಕ್ಸ್’ ಮತದಲ್ಲಿ ಡೊಮೇನಿಗೊಂದು ಫೋಲ್ಡರ್, ವಿಳಾಸಕ್ಕೊಂದು ಪೆಟ್ಟಿಗೆ, ಭೇದ ನಿತ್ಯ. ಪೆಟ್ಟಿಗೆಯ ದಾರಿಯ ಕೊನೆಯಲ್ಲಿ ಒಂದು ಓರೆಗೆರೆ ಇದ್ದರೆ ಅದು ಮೇಲ್‌ಡಿರ್, ಕಾಗದಕ್ಕೊಂದು ಕಡತ. ಗೆರೆ ಬಿಟ್ಟುಹೋದರೆ ಎಂಬಾಕ್ಸ್, ಎಲ್ಲ ಕಾಗದವೂ ಒಂದೇ ಉದ್ದನೆಯ ಕಡತದೊಳಗೆ. ಒಂದು ಗೆರೆಯಿಂದ ಲೋಕವೇ ಬದಲಾಗುವುದು ವ್ಯಾಕರಣಶಾಸ್ತ್ರದಲ್ಲಿಯೂ ಅಪರೂಪ. ಆದರೆ ಈ ದ್ವೈತಿಗಳ ಹಾರ್ಡ್‌ಡಿಸ್ಕನ್ನು ಪರೀಕ್ಷಿಸಿದ ವಿಮರ್ಶಕರು ಒಂದು ಗುಟ್ಟು ಬಯಲುಮಾಡಿದ್ದಾರೆ. ಪೆಟ್ಟಿಗೆ ಎಷ್ಟೇ ಇರಲಿ, ಸಾಮಾನ್ಯವಾಗಿ ಎಲ್ಲದರ ಒಡೆಯ ‘ವಿಮೇಲ್’ ಎಂಬ ಒಬ್ಬನೇ ಬಳಕೆದಾರ, ಅವನ ಸಂಖ್ಯೆ ಬಹುಮಟ್ಟಿಗೆ 5000. ಭೇದವಾದಿಗಳ ಮನೆಯೊಳಗೇ ಏಕಮೇವ! ಈ ಆಕ್ಷೇಪಕ್ಕೆ ಇನ್ನೂ ಸಮರ್ಪಕ ಉತ್ತರ ಬಂದಿಲ್ಲ.

ಮೂರನ್ನೂ ಬೆರೆಸುವ ಸಮನ್ವಯವಾದಿಗಳಿಗೆ ಮಾತ್ರ ಉಳಿಗಾಲವಿಲ್ಲ. ವರ್ಚುವಲ್ ಡೊಮೇನನ್ನು ಮೈಡೆಸ್ಟಿನೇಷನ್ನಿನಲ್ಲಿ ಎಂದಿಗೂ ಬರೆಯಕೂಡದೆಂದು ಕೈಪಿಡಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಕೂಗಿಹೇಳಿದೆ. ಕೇಳದೆ ಎರಡೂ ಕಡೆ ಬರೆದರೆ ಮೈಡೆಸ್ಟಿನೇಷನ್ನೇ ಗೆಲ್ಲುತ್ತದೆ. ಪೆಟ್ಟಿಗೆ ಕಣ್ಣೆದುರಿಗಿದ್ದರೂ ಸರ್ವರು ‘550, ಯೂಸರ್ ಅನ್‌ನೋನ್’ ಎಂದು ಬಂದವರನ್ನು ಬಾಗಿಲಿಂದಲೇ ಕಳಿಸುತ್ತದೆ. ಹ್ಯಾಶ್ ಕೋಷ್ಟಕ ತಿದ್ದಿ ‘ಪೋಸ್ಟ್‌ಮ್ಯಾಪ್’ ಸಂಸ್ಕಾರ ಮರೆತವರ ಗತಿಯೂ ಹೆಚ್ಚುಕಡಿಮೆ ಇದೇ. ಅವರಿಗೆ ಗುರುಗಳು ಹೇಳುವುದು ಎರಡೇ ಮಾತು: ‘ಲಾಗ್ ನೋಡು.’

ಇಷ್ಟೆಲ್ಲ ಒಳಗಿನ ವಾದ. ಹೊರಗೆ ಕಾಗದ ಕಳಿಸುವಾಗ ಪರವಾದಿಗಳು ಪ್ರಮಾಣ ಕೇಳುತ್ತಾರೆ. ಮೊದಲನೆಯದು ಪಿಟಿಆರ್, ಐಪಿಯಿಂದ ಹಿಂದಕ್ಕೆ ಹೋದರೆ ಸಿಗುವ ಹೆಸರು. ಡೊಮೇನು ಹತ್ತಿರಲಿ, ನೂರಿರಲಿ, ಒಂದು ಐಪಿಗೆ ಒಂದೇ ಹೆಸರಿಡುವುದು ಶಿಷ್ಟಾಚಾರ. ಕಲ್ಯಾಣಮಂಟಪದ ಆಮಂತ್ರಣವೂ ಕಾಫಿಪುಡಿಯ ಬಿಲ್ಲೂ ‘ಹೆಲೋ’ ಎನ್ನುವಾಗ ಹೇಳಬೇಕಾದ್ದು ಆ ಒಂದೇ ಹೆಸರನ್ನು. ದ್ವೈತಿಗಳು ಇಲ್ಲಿ ತಲೆತಗ್ಗಿಸುತ್ತಾರೆ. ಆದರೆ ಡಿಕಿಮ್ ಸಹಿಯ ಪ್ರಕರಣ ಬಂದಾಗ ಅದ್ವೈತಿಗಳ ಸರದಿ. ‘ಫ್ರಮ್’ ಸಾಲಿನಲ್ಲಿರುವ ಡೊಮೇನಿಗೂ ಸಹಿ ಹಾಕಿದ ಅಥವಾ ಎಸ್‌ಪಿಎಫ್‌ನಲ್ಲಿ ತೇರ್ಗಡೆಯಾದ ಡೊಮೇನಿಗೂ ಹೊಂದಿಕೆಯಿರಬೇಕೆಂಬುದು ಡಿಮಾರ್ಕ್ ನಿಯಮ; ಕಾಫಿಪುಡಿಯ ಸಹಿ ಮಂಟಪಕ್ಕೆ ನಡೆಯದು. ದಿನಕ್ಕೆ 5,000 ಕಾಗದ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬೇಕೆಂದು ಜಿಮೇಲ್ 2024ರ ಫೆಬ್ರವರಿಯಿಂದ ವಿಧಿಸಿದೆ. ಎಸ್‌ಪಿಎಫ್ ದಾಖಲೆಯಲ್ಲಿಯೂ ಡಿಎನ್‌ಎಸ್ಸನ್ನು ಹತ್ತು ಸಲಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅನವಸ್ಥಾ ದೋಷಕ್ಕೆ ಇಷ್ಟು ಖಚಿತವಾದ ಅಂಕಿ ಕೊಟ್ಟ ದರ್ಶನ ಬೇರೊಂದಿಲ್ಲ.

ಮೂರೂ ಮತದವರು ತಕರಾರಿಲ್ಲದೆ ಒಪ್ಪುವ ವಿಳಾಸ ಜಗತ್ತಿನಲ್ಲಿ ಒಂದಿದೆ: ಪೋಸ್ಟ್‌ಮಾಸ್ಟರ್. 2008ರ ಆರ್‌ಎಫ್‌ಸಿ 5321ರ ಪ್ರಕಾರ ಅದನ್ನು ದೊಡ್ಡಕ್ಷರದಲ್ಲಿ ಬರೆದರೂ ಸಣ್ಣಕ್ಷರದಲ್ಲಿ ಬರೆದರೂ ಒಪ್ಪಬೇಕು. @ ಇಲ್ಲದೆ, ಡೊಮೇನೇ ಇಲ್ಲದೆ ಬಂದರೂ ಸ್ವೀಕರಿಸಬೇಕು. ನಿರ್ಗುಣ, ನಿರುಪಾಧಿಕ. ಎಲ್ಲ ಡೊಮೇನುಗಳ ದೂರುಗಳೂ ಕೊನೆಗೆ ಲೀನವಾಗುವುದು ಅದರಲ್ಲೇ. ಅಲ್ಲಿಗೆ ಬಂದದ್ದನ್ನು ಓದದೆ ನೇರ ಟ್ರ್ಯಾಷಿಗೆ ಕಳಿಸುವ ಫಿಲ್ಟರನ್ನು ಸರ್ವರ್ ನೋಡಿಕೊಳ್ಳುವ ಹುಡುಗ ಮೊದಲ ದಿನವೇ ಹಾಕಿಟ್ಟಿರುತ್ತಾನೆ.