ಗೃಹಹೀನಗೀತ ಮೀಮಾಂಸೆ (ಸೊಲ್ಲಾಪುರ–ಅಕ್ಕಲಕೋಟ ಶಾಖೆ)

ಸೂರಿಲ್ಲದವರ ಬಗ್ಗೆ ಜಾಗೃತಿ ಮೂಡಿಸಲು ಸೂರಿರುವವರು ಕೂಡಿ ಹಾಡಿ, ಮುದ್ರಿಸಿ, ಬಿಡುಗಡೆ ಮಾಡುವ ಕರ್ಮಕ್ಕೆ ಗೃಹಹೀನಗೀತವೆಂದು ಹೆಸರು. ಇದರ ಮೂಲಪೀಠ ಲಂಡನ್. 1984ರ ನವೆಂಬರ್ 25ರಂದು ಬಾಬ್ ಗೆಲ್ಡಾಫ್ ಅಲ್ಲಿಯ ತಾರಾಗಾಯಕರನ್ನು ಒಂದೇ ಸ್ಟುಡಿಯೋದಲ್ಲಿ ಕಲೆಹಾಕಿ ಇಥಿಯೋಪಿಯಾದ ಬರಗಾಲಕ್ಕಾಗಿ ಹಾಡಿಸಿದ. ಎರಡು ತಿಂಗಳು ಕಳೆದೊಡನೆ ಅಮೆರಿಕ ಶಾಖೆ ಹುಟ್ಟಿತು. ಅಲ್ಲಿ ಕ್ವಿನ್ಸಿ ಜೋನ್ಸ್, ಅಹಂಕಾರವನ್ನು ಬಾಗಿಲಲ್ಲೇ ಬಿಟ್ಟು ಬನ್ನಿ ಎಂದು ಚೀಟಿ ಅಂಟಿಸಿದ್ದರು. ಚಪ್ಪಲಿಯ ಮಟ್ಟಿಗೆ ಈ ನಿಯಮವನ್ನು ನಾವು ಮೊದಲಿನಿಂದಲೂ ಪಾಲಿಸುತ್ತಿದ್ದೇವೆ.

ಹಸಿವಿನ ಮೇಲೆ ಹುಟ್ಟಿದ ಪ್ರಕಾರ ನಮ್ಮಲ್ಲಿ ಸೂರಿನ ಕಡೆ ಹೊರಳಲು ಅಕ್ಕಲಕೋಟೆಯೇ ಕಾರಣ. ಅಲ್ಲಿಯ ಅನ್ನಛತ್ರದಲ್ಲಿ ಬಂದವರಿಗೆಲ್ಲ ಊಟವಿದೆ. ಉಂಡ ಮೇಲೆ ಮಲಗುವುದೆಲ್ಲಿ ಎಂಬುದಷ್ಟೇ ಕವಿಗಳಿಗೆ ಉಳಿದ ವಸ್ತು. 1856ರಲ್ಲಿ ಆ ಊರಿಗೆ ಬಂದ ಸ್ವಾಮಿ ಸಮರ್ಥರೂ 1878ರಲ್ಲಿ ಸಮಾಧಿಯಾಗುವ ತನಕ ಸ್ವಂತ ಮನೆ ಕಟ್ಟಿದವರಲ್ಲ. ಭಕ್ತರ ಮನೆ, ಆಲದ ನೆರಳು, ಮುಗಿಯಿತು. ಅವರ ಕೃಪೆಯನ್ನು ಹೆಸರಾಗಿ ಬರೆಸಿಕೊಂಡ ಬಂಗಲೆಗಳೆಲ್ಲ ಆಮೇಲಿನವು.

ಗೃಹಹೀನರು ಯಾರು? ಜನಗಣತಿಯ ಪ್ರಕಾರ ರಸ್ತೆ ಬದಿ, ಹ್ಯೂಮ್ ಪೈಪು, ಮೇಲ್ಸೇತುವೆಯಡಿ, ಮೆಟ್ಟಿಲ ಕೆಳಗೆ, ಗುಡಿಯ ಬಯಲು, ರೈಲ್ವೆ ಪ್ಲಾಟ್‌ಫಾರಂಗಳಲ್ಲಿ ಇರುಳು ಕಳೆಯುವವರು. 2011ರಲ್ಲಿ ದೇಶದಲ್ಲಿ ಇಂಥವರು 17.7 ಲಕ್ಷ. (ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಊರೇ ಮೈಲುಗಟ್ಟಲೆ ದೂರ. ಅದನ್ನೂ ಈ ಪಟ್ಟಿಗೆ ಸೇರಿಸಬೇಕೇ ಎಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.)

ಇಲ್ಲಿ ಪೂರ್ವಪಕ್ಷ: ನವಿಲುಗರಿಯ ಟೊಪ್ಪಿಗೆಯ ವಾಸುದೇವ, ಚೌಡಿಕೆಯ ಜೋಗತಿ, ರೈಲಿನಲ್ಲಿ ಹಾಡುವ ಕುರುಡ, ಇವರೆಲ್ಲ ಹಾಡುತ್ತಲೇ ಇರುವಾಗ ಹೊಸ ಹಾಡೇಕೆ? ಸಿದ್ಧಾಂತ: ಅವರು ಹಾಡಿದರೆ ನಾವು 'ಮುಂದ್ ಹೋಗಪಾ' ಅನ್ನುತ್ತೇವೆ. ಅದೇ ನಾವು ಹಾಡಿದರೆ ಜಾಗೃತಿಯಾಗುತ್ತದೆ.

ಎರಡನೆಯ ಪೂರ್ವಪಕ್ಷ ತುಸು ಗಟ್ಟಿ. ಸೊಲ್ಲಾಪುರದ ಪಕ್ಕದ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ 10,000 ಮನೆಗಳ ಗೋದುತಾಯಿ ವಸಾಹತು ಎದ್ದು, 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಬಂದು ಬೀಗದ ಕೈ ಕೊಟ್ಟರು. ಆಮೇಲೆ 30,000 ಮನೆಗಳ ರಾಯನಗರ. 2024ರ ಜನವರಿ 19ರಂದು ಅದರ 15,000 ಮನೆಗಳನ್ನು ಹಂಚುತ್ತ ಪ್ರಧಾನಿ ಮೋದಿಯವರ ಗಂಟಲು ಕಟ್ಟಿತು. ಈ ಎರಡೂ ಯೋಜನೆಗಳ ಬೆನ್ನು ಹತ್ತಿದವರು ಮಾಜಿ ಶಾಸಕ ನರಸಯ್ಯ ಆಡಂ ಮಾಸ್ತರರು. ಅವರ ಸಾಧನಗಳು ಮೋರ್ಚಾ, ಅರ್ಜಿ, ಘೋಷಣೆ. ಇವುಗಳಿಗೆ ಶ್ರುತಿಯೂ ಇಲ್ಲ, ಕೋರಸ್ಸೂ ಇಲ್ಲ, ಬಿಡುಗಡೆ ಸಮಾರಂಭವೂ ಇಲ್ಲ. ಮನೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಅವನ್ನು ಗೀತವೆಂದು ಒಪ್ಪಲು ಶಾಸ್ತ್ರ ಬಿಡುವುದಿಲ್ಲ.

ಇನ್ನು ಪ್ರಯೋಗವಿಧಿ. ಸೊಲ್ಲಾಪುರಕ್ಕೆ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಬೇಕು. ಮೊದಲ ಚರಣ ಯಾವುದರಲ್ಲಿ ಎಂಬ ಸಭೆ ಎಷ್ಟು ದಿನ ನಡೆದರೂ ಚಹಾದ ಖರ್ಚು ನಿಧಿಯ ಲೆಕ್ಕಕ್ಕೆ. ಒಮ್ಮತವಾಗದಿದ್ದರೆ ಪಲ್ಲವಿಯಲ್ಲಿ 'ಓ ಓ ಓ' ಎಂದಷ್ಟೇ ಇಟ್ಟುಕೊಳ್ಳುವುದು. ಇದಕ್ಕೆ ಈವರೆಗೆ ಯಾವ ಭಾಷೆಯವರೂ ತಕರಾರು ತೆಗೆದಿಲ್ಲ.

ಗಾಯಕ ನಿಲ್ಲುವ ಗಾಜಿನ ಖೋಲಿ ಏಳಡಿಗೆ ಏಳಡಿ ಇದ್ದರೆ ಸಾಕು. ನಗರಗಳ ರಾತ್ರಿ ತಂಗುದಾಣಗಳಲ್ಲಿ ಒಬ್ಬನಿಗೆ 50 ಚದರಡಿ ಜಾಗ ಕೊಡಬೇಕೆಂದು ಸರಕಾರದ ನಿಯಮವಿದೆ. ಒಂದು ಲಕ್ಷ ಜನರಿರುವಲ್ಲಿ ನೂರು ಮಂದಿಗೆ ಅಂಥ ಏರ್ಪಾಟು ಇರಬೇಕು. ಅಂದರೆ ಒಬ್ಬ ಮಲಗುವ ಜಾಗವೂ ಒಬ್ಬ ಹಾಡುವ ಜಾಗವೂ ಹೆಚ್ಚುಕಡಿಮೆ ಒಂದೇ. ಈ ಸಾಮ್ಯವನ್ನು ಮೊದಲು ಗುರುತಿಸಿದ್ದು ತಾನೇ ಎಂದು ಪ್ರಸ್ತುತ ಪ್ರಬಂಧಕಾರ ನಮ್ರನಾಗಿ ಹೇಳಿಕೊಳ್ಳುತ್ತಾನೆ. ಇಂಥ ಹೊತ್ತಿನಲ್ಲಿ ಚಹಾ ತಂದ ಮುದುಕ, 'ಸಾಹೇಬ್ರ, ಹಾಡು ಮುಗದ ಮ್ಯಾಲ ರಾತ್ರಿ ಈ ಖೋಲ್ಯಾಗ ಯಾರ್ ಮಲಗ್ತಾರ್ರಿ?' ಎಂದು ಕೇಳುವ ಸಂಭವವುಂಟು. ಮೈಕು ಚಾಲೂ ಇದ್ದರೆ ಆ ಟೇಕನ್ನು ರದ್ದು ಮಾಡುವುದು.

ಗೋಡೆಗಳು ದನಿಯನ್ನು ತಿರುಗಿ ಎಸೆಯದಂತೆ ಅವಕ್ಕೆ ದಪ್ಪ ಬಟ್ಟೆ ಹೊದಿಸಬೇಕು. ಇದಕ್ಕೆ ಸೊಲ್ಲಾಪುರಿ ಚಾದರವೇ ಪ್ರಶಸ್ತ. ಕಾರ್ಯದ ಉದ್ದೇಶ ಹೇಳಿದರೆ ಅಂಗಡಿಯವರು ಎರವಲು ಕೊಡುತ್ತಾರೆ. ಪುಷ್ಯದ ಚಳಿಯಲ್ಲಿ ಮುದ್ರಿಸುವುದಾದರೆ ಗೋಡೆಗೆ ಎರಡೆರಡು ಹೊದಿಸಬಹುದು. ಕೊನೆಯ ಟೇಕ್ ಆದೊಡನೆ ಮಡಿಕೆ ಕೆಡದಂತೆ, ಬೆಲೆಯ ಚೀಟಿ ಕಿತ್ತುಬಾರದಂತೆ, ಎಣಿಸಿ ಅಂಗಡಿಗೆ ಮರಳಿಸತಕ್ಕದ್ದು.